ಬೈಲಕುಪ್ಪೆಯ ಥುಕ್ಪಾ, ಅವ್ವನ ಶರಣಾರ್ಥಿ

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಗೋಲ್ಡನ್ ಟೆಂಪಲ್ ನೋಡಿದವರು ಸಾಮಾನ್ಯವಾಗಿ ಗೇಟಿನ ಎದುರಿಗೇ ಏನಾದರೂ ತಿಂದು ಕುಶಾಲನಗರಕ್ಕೆ ವಾಪಸ್ ಹೊರಡುತ್ತಾರೆ. ನಾನು, ಅವ್ವ ಆಟೋದವನನ್ನು ಕೇಳಿ ಕ್ಯಾಂಪ್ ಒಳಗಿನ ಆರೇ ಟೇಬಲ್‌ನ ಹೋಟೆಲಿಗೆ ಹೋದೆವು.

ವೆಜ್ ಥುಕ್ಪಾ, ಅಂದರೆ ನೂಡಲ್ಸ್ ಹಾಕಿದ ಟಿಬೆಟನ್ ಸಾರು, 120 ರೂಪಾಯಿ. ಬಟ್ಟಲು ದೊಡ್ಡದು, ಒಬ್ಬರಿಗೆ ಜಾಸ್ತಿಯೇ. ಸಾರು ತೆಳ್ಳಗೆ, ಬೆಳ್ಳುಳ್ಳಿ ಘಮ. ನೂಡಲ್ಸ್ ಅಲ್ಲೇ ಲಟ್ಟಿಸಿ ಕೊಯ್ದದ್ದು. ಹಬೆಯಲ್ಲಿ ಬೇಯಿಸಿದ ಬನ್ನು, ಟಿಂಗ್ಮೋ, ಹತ್ತಿಯ ಹಾಗಿತ್ತು. ಜೊತೆಗೆ ಕೊಟ್ಟ ಕೆಂಪು ಚಟ್ನಿ ನೆಕ್ಕಿ ಅವ್ವ 'ರಂಜಕ' ಎಂದಳು. ಬೆಣ್ಣೆ ಚಹಾ ಮಾತ್ರ ಅವಳಿಗೆ ಹಿಡಿಸಲಿಲ್ಲ. ಒಗ್ಗರಣೆ ಮರೆತ ಸಾರಂತೆ! ಮೊಮೊ ಬಗ್ಗೆ ಕೇಳಿದಾಗ ಮಾಲಕಿ, "ಮಾಂಸದ್ದೂ ಅದೇ ಪಾತ್ರೇಲಿ ಬೇಯೋದು, ನಿಮಗೆ ಬೇಡ ಅಮ್ಮಾ" ಎಂದು ತಾವೇ ಬೇಡವೆಂದರು. ಇದಕ್ಕೇ ಒಂದು ಸ್ಟಾರ್ ಜಾಸ್ತಿ.

ಪಕ್ಕದ ಟೇಬಲ್ಲಿನ ಹಿಂದಿಯವರು ಮಾಲಕಿಯನ್ನು ತೋರಿಸಿ 'ಶರಣಾರ್ಥಿ' ಎಂದರು. ತನಗೇ ಹೇಳಿದರೆಂದು ಅವ್ವ ತಟ್ಟನೆ ಕೈ ಮುಗಿದು, "ಶರಣು ಶರಣಾರ್ಥಿರಿ" ಎಂದಳು! ನಮ್ಮ ಗದಗದ ಕಡೆ ಅದು ನಮಸ್ಕಾರ ಅಲ್ವಾ. ಹಿಂದಿಯಲ್ಲಿ ಹಾಗಂದರೆ ನಿರಾಶ್ರಿತರು ಎಂದು ನಾನು ಬಿಡಿಸಿ ಹೇಳಿದೆ. ಅವ್ವ ಸುತ್ತ ನೋಡಿ, "ಹೊಲಾ ಐತಿ, ಮನಿ ಐತಿ, ಗುಡಿ ಕಟ್ಟ್ಯಾರ. ಇವರೆಲ್ಲಿ ನಿರಾಶ್ರಿತರು? ಆ ಹಿಂದಿ ಮಾತೇ ಛಲೋ ಐತಿ" ಎಂದಳು.

ಮಾಲಕಿಗೆ ನಗು ತಡೆಯಲಿಲ್ಲ. ಇಲ್ಲೇ ಹುಟ್ಟಿದವರು, ಥೇಟ್ ಮೈಸೂರು ಕಡೆಯ ಕನ್ನಡ. 1960ರ ದಶಕದ ಶುರುವಿನಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡನ್ನು ಕಡಿದು ಹಸನು ಮಾಡಿದವರಲ್ಲಿ ಇವರ ಅಪ್ಪನೂ ಒಬ್ಬರು. ಇಂಥವರಿಗೆ ಟಿಬೆಟನ್ನಿನಲ್ಲೂ ಎರಡು ಮಾತಿವೆಯಂತೆ: ಕ್ಯಾಬ್‌ಚೋಲ್, ತ್ಸೆನ್‌ಜೋಲ್. ಕ್ಯಾಬ್‌ಚೋಲ್ ಎಂದರೆ ಆಶ್ರಯ ಕೇಳಿ ಬಂದವರು. 'ಕ್ಯಾಬ್' ಎಂದರೆ ಶರಣು. ಬುದ್ಧನಿಗೆ ಶರಣು ಎನ್ನುವ ದಿನನಿತ್ಯದ ಪ್ರಾರ್ಥನೆಯಲ್ಲೂ ಅದೇ ಮಾತು. ತ್ಸೆನ್‌ಜೋಲ್ ಎಂದರೆ ದೇಶ ಬಿಟ್ಟು ಬರಬೇಕಾಗಿ ಬಂದವರು. "ಅಪ್ಪ ಕೊನೇವರೆಗೂ ತ್ಸೆನ್‌ಜೋಲ್ ಅಂತಲೇ ಹೇಳ್ಕೊಳ್ತಿದ್ರು. ವಾಪಸ್ ಹೋಗೋ ಆಸೆ ಇತ್ತಲ್ಲ" ಎಂದರು. ತಾವು ಯಾವುದು ಹೇಳಿಕೊಳ್ಳುತ್ತೀರಿ ಎಂದು ಕೇಳಿದೆ. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು, ಎದ್ದು ಹೋದರು.

ಕೈ ತೊಳೆಯುವ ಜಾಗ ಇಕ್ಕಟ್ಟು, ನಲ್ಲಿ ಸೋರುತ್ತದೆ. ಯುಪಿಐ ನಡೆಯುತ್ತದೆ. ಐದಕ್ಕೆ ನಾಲ್ಕು ಸ್ಟಾರ್. ಅವ್ವ ಐದೂ ಕೊಡು ಎನ್ನುತ್ತಿದ್ದಾಳೆ, ಬೆಣ್ಣೆ ಚಹಾ ಲೆಕ್ಕಕ್ಕೆ ಹಿಡಿಯಬೇಡ ಅಂತೆ.