ಟಿಪಿ-ಲಿಂಕ್ ಆರ್ಚರ್ ಸಿ6: ಎರಡು ಅಂತಸ್ತಿನ ಮನೆಗೆ ಒಂದೇ ಇಂಟರ್ನೆಟ್ ಸಂಪರ್ಕ

ಫೈಬರ್ ಸಂಪರ್ಕ ಕೊಡುವವರು ನಡುಮನೆಯ ಗೋಡೆಗೆ ಕೂರಿಸಿಹೋಗುವ ಮೋಡೆಮ್‌ನ ವೈಫೈ ಕೆಳಗಿನ ಕೋಣೆಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ. ಆದರೆ ಕಾಂಕ್ರೀಟ್ ತಾರಸಿಯನ್ನು ದಾಟಿ ಮೇಲಕ್ಕೆ ಬರುವಷ್ಟರಲ್ಲಿ ಬಹುಮಟ್ಟಿಗೆ ಸೊರಗಿರುತ್ತದೆ. ನಮ್ಮ ಮನೆಯಲ್ಲಿ ಡೆಸ್ಕ್‌ಟಾಪ್, ಮಗಳ ಲ್ಯಾಪ್‌ಟಾಪ್ ಮತ್ತು ಪ್ರಿಂಟರ್ ಮೇಲಿನ ಅಂತಸ್ತಿನಲ್ಲಿವೆ. ಇವುಗಳಿಗಾಗಿ ತಂದ ಆರ್ಚರ್ ಸಿ6 ರೌಟರ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ.

ನಾನು ಇದನ್ನು ಮೆಚ್ಚಲು ಮುಖ್ಯ ಕಾರಣ ಇದರಲ್ಲಿರುವ ಆಕ್ಸೆಸ್ ಪಾಯಿಂಟ್ ಮೋಡ್. ಹೊಸ ರೌಟರನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಮೋಡೆಮ್‌ಗೆ ಜೋಡಿಸಿದರೆ ಮನೆಯೊಳಗೆ ಎರಡು ಪ್ರತ್ಯೇಕ ಜಾಲಗಳು ಉಂಟಾಗುತ್ತವೆ. ಇಂಟರ್ನೆಟ್ ಎಲ್ಲ ಕಡೆಯೂ ಬರುತ್ತದೆ, ಆದರೆ ಕೆಳಗಿನ ಫೋನಿಗೆ ಮೇಲಿನ ಪ್ರಿಂಟರ್ ಕಾಣಿಸುವುದಿಲ್ಲ. ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದಾಗ ಐಪಿ ವಿಳಾಸ (ಜಾಲದಲ್ಲಿ ಪ್ರತಿ ಸಾಧನದ ಗುರುತಿನ ಸಂಖ್ಯೆ) ಹಂಚುವ ಹೊಣೆ ಮೋಡೆಮ್ ಒಂದರದೇ ಆಗಿ, ಎಲ್ಲ ಸಾಧನಗಳೂ ಒಂದೇ ಜಾಲಕ್ಕೆ ಸೇರುತ್ತವೆ. ಸೆಟ್ಟಿಂಗ್ಸ್ ಪುಟದಲ್ಲಿ ಇದನ್ನು ಬದಲಿಸುವುದು ಸುಲಭ.

ಕೆಳಗಿನ ಮೋಡೆಮ್‌ನಿಂದ ಮೇಲಿನ ರೌಟರ್‌ಗೆ ಕೇಬಲ್ ಎಳೆಸುವ ತಾಪತ್ರಯವೇ ಬೇಡವೆಂದು ಹಲವರು ವೈಫೈ ರಿಪೀಟರ್ ಕೊಳ್ಳುತ್ತಾರೆ. ಅಗ್ಗದ ರಿಪೀಟರ್ ಒಂದೇ ರೇಡಿಯೊದಿಂದ ಸಂಕೇತವನ್ನು ಪಡೆದು ಮತ್ತೆ ಕಳುಹಿಸಬೇಕಾದ್ದರಿಂದ ವೇಗ ಅರ್ಧದಷ್ಟಾಗುತ್ತದೆ; ಆದುದರಿಂದ ಕೇಬಲ್ ಹಾಕಿಸುವುದೇ ಲೇಸು. ಆದರೆ ಕ್ಯಾಟ್ 6 ಕೇಬಲ್‌ನ ತುದಿಗೆ ಪ್ಲಗ್ ಕ್ರಿಂಪ್ ಮಾಡುವಾಗ (ಒತ್ತಿ ಕೂರಿಸುವಾಗ) ಪಕ್ಕದಲ್ಲೇ ನಿಂತು ನೋಡಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮ ಎರಡೂ ತುದಿಗಳಲ್ಲಿ ಒಂದೇ ಆಗಿರಬೇಕು, ಎಂಟೂ ತಂತಿಗಳು ಪ್ಲಗ್‌ನ ತುದಿ ಮುಟ್ಟಿರಬೇಕು. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗಕ್ಕೆ ನಾಲ್ಕು ತಂತಿಗಳು ಸಾಕು, ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಸರಿಯಾಗಿ ಕೂರದಿದ್ದರೆ ಸಂಪರ್ಕ ಕಡಿದುಹೋಗದೆ ವೇಗ ಮಾತ್ರ 100ಕ್ಕೆ ಇಳಿಯುವುದರಿಂದ, ದೋಷ ರೌಟರ್‌ನದೆಂದೇ ತೋರುತ್ತದೆ. ಈ ರೌಟರ್‌ನ ಐದೂ ಪೋರ್ಟ್‌ಗಳು ಗಿಗಾಬಿಟ್ ಆಗಿರುವಾಗ ಕಳಪೆ ಕ್ರಿಂಪಿಂಗ್‌ನಿಂದ ಆ ಅನುಕೂಲ ಕಳೆದುಕೊಳ್ಳುವುದು ನಷ್ಟವೇ ಸರಿ.

ವೈಫೈ ವಿಷಯದಲ್ಲಿ 5 ಗಿಗಾಹರ್ಟ್ಸ್ ರೇಡಿಯೊ ತರಂಗಪಟ್ಟಿಯಲ್ಲಿ 867, 2.4 ಗಿಗಾಹರ್ಟ್ಸ್‌ನಲ್ಲಿ 300 ಎಂಬಿಪಿಎಸ್ ಎಂಬುದು ಪೆಟ್ಟಿಗೆಯ ಮೇಲಿನ ಲೆಕ್ಕ. ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲ. ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಒಳ್ಳೆಯದು, ಎರಡು ಗೋಡೆಗಳಾಚೆ 2.4 ಹೆಚ್ಚು ಸ್ಥಿರ. ಅಕ್ಕಪಕ್ಕದ ಮನೆಗಳ ವೈಫೈ ದಟ್ಟವಾಗಿದ್ದರೆ 2.4ರ 1, 6, 11ರಲ್ಲಿ ಖಾಲಿಯಿರುವ ಚಾನೆಲ್ ಆರಿಸಿಕೊಳ್ಳಬೇಕು.

ಕೊರತೆಗಳೂ ಇವೆ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಮಕ್ಕಳ ಬಳಕೆಗೆ ಮಿತಿ ಹಾಕುವ ಸೌಲಭ್ಯ ದೊರೆಯದು. ಹಾರ್ಡ್ ಡಿಸ್ಕ್ ಜೋಡಿಸಲು ಯುಎಸ್‌ಬಿ ಪೋರ್ಟ್ ಇಲ್ಲ; ಅದು ಬೇಕಾದವರು ಸಿ6ಯು ಮಾದರಿಯನ್ನು ನೋಡಬಹುದು. ಇದು ವೈಫೈ 5 ಎಂಬ ಹಿಂದಿನ ತಲೆಮಾರಿನ ಉಪಕರಣವಾದ್ದರಿಂದ, ತುಂಬಾ ಹೆಚ್ಚಿನ ವೇಗದ ಪ್ಲಾನ್ ಇರುವವರಿಗೆ ವೈಫೈ 6 ರೌಟರ್ ಸೂಕ್ತ. 100ರಿಂದ 200 ಎಂಬಿಪಿಎಸ್ ಪ್ಲಾನ್ ಇರುವ ಮನೆಗೆ ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಕರೆಂಟ್ ಹೋಗುವ ಊರಿನವರು ಮೋಡೆಮ್ ಮತ್ತು ರೌಟರ್ ಎರಡಕ್ಕೂ ಚಿಕ್ಕ ಯುಪಿಎಸ್ ಇಡಬೇಕು. ಕೊಳ್ಳುವ ಮುನ್ನ ಎರಡೂ ಅಡಾಪ್ಟರ್‌ಗಳ ಮೇಲಿನ ವೋಲ್ಟ್ ಓದಿಕೊಂಡು ಹೋಗುವುದು ಒಳಿತು.