‘2 ಇನ್ 2 ಔಟ್’ ಅಂದರೆ ಎರಡು ಮೈಕ್ ಅಂತಲ್ಲ, ದುಡ್ಡು ಕೊಡುವ ಮುಂಚೆ ನೋಡಿ

ಲ್ಯಾಪ್‌ಟಾಪ್‌ಗೆ ಎರಡು ಮೈಕ್ ಹಾಕಿ ರೆಕಾರ್ಡ್ ಮಾಡಬೇಕು ಅಂತ ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಸಾಧನ) ಕೊಳ್ಳಲು ಹೊರಟಿದ್ದೀರಾ? ಡಬ್ಬಿಯ ಮೇಲಿನ ‘2 ಇನ್ 2 ಔಟ್’ (ಸದ್ದು ಒಳಬರಲು ಎರಡು ದಾರಿ, ಹೊರಹೋಗಲು ಎರಡು) ನೋಡಿ ಸುಮ್ನೆ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ಡಬ್ಬಿ ತೆಗೆಸಿ, ಮೈಕ್ ಚುಚ್ಚುವ ತೂತು ಎಷ್ಟಿದೆ ಅಂತ ಕಣ್ಣಾರೆ ಎಣಿಸಿ. ಅಷ್ಟು ಮಾಡಿದರೆ ನನಗಾದ ಗತಿ ನಿಮಗೆ ಬರುವುದಿಲ್ಲ.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಅಲ್ಲಿ ಇಬ್ಬರು ಹಿರಿಯರು ಜೊತೆಯಾಗಿ ತತ್ವಪದ ಹಾಡುತ್ತಾರೆ. ಕೈವಾರ ತಾತಯ್ಯನವರ ಪದಗಳೇ ಜಾಸ್ತಿ, ಒಂದು ತೆಲುಗಿನದು, ಒಂದು ಕನ್ನಡದ್ದು. ಒಬ್ಬರು ತಂಬೂರಿ ಹಿಡಿದು ಪದ ಎತ್ತುತ್ತಾರೆ. ಇನ್ನೊಬ್ಬರು ತಾಳ ಹಾಕುತ್ತಾ ಅದನ್ನೇ ಹಿಡಿದು ಹಾಡುತ್ತಾರೆ. ಈ ಹಿತ್ತಾಳೆ ತಾಳ ಇದೆಯಲ್ಲ, ಒಂದೇ ಮೈಕ್ ಇಟ್ಟರೆ ಅದು ಯಾರ ಮಾತನ್ನೂ ಕೇಳಲು ಬಿಡುವುದಿಲ್ಲ. ಅದಕ್ಕೇ ಇಬ್ಬರಿಗೂ ಒಂದೊಂದು ಮೈಕ್, ಒಂದೊಂದು ಟ್ರ್ಯಾಕ್ ಬೇಕಿತ್ತು. ಆಮೇಲೆ ಬೇಕಾದ ಕಡೆ ತಾಳ ಇಳಿಸಿ, ದನಿ ಏರಿಸಬಹುದು.

ಇದನ್ನೆಲ್ಲ ವಿವರವಾಗಿ ಹೇಳಿಯೇ ಚಿಕ್ಕಬಳ್ಳಾಪುರದ ಒಂದು ಅಂಗಡಿಯಲ್ಲಿ ಕೇಳಿದ್ದು. ‘ಎರಡು ಮೈಕೂ ಆರಾಮಾಗಿ ಓಡುತ್ತೆ ಸಾರ್, ಪಾಡ್‌ಕಾಸ್ಟ್‌ನವರೆಲ್ಲ ಇದನ್ನೇ ತಗೊಂಡು ಹೋಗ್ತಾರೆ’ ಅಂತ ಒಂದು ಇಂಟರ್‌ಫೇಸ್, ಎರಡು ಕಂಡೆನ್ಸರ್ ಮೈಕ್ ಸೇರಿಸಿ ಕಟ್ಟಿಕೊಟ್ಟರು.

ಹಳ್ಳಿಯಲ್ಲಿ ಬಿಚ್ಚಿ ನೋಡಿದರೆ ಮೈಕ್ ಚುಚ್ಚುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಜಾಗ ಒಂದೇ! ಎರಡನೆಯ ‘ಇನ್’ ಗಿಟಾರ್‌ಗೆ ಇರುವ 6.35 ಮಿಲಿಮೀಟರ್ ತೂತು. ಕಂಡೆನ್ಸರ್ ಮೈಕ್ ಕೆಲಸ ಮಾಡಲು ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಹೋಗಬೇಕು. ಅದು ಎಕ್ಸ್‌ಎಲ್‌ಆರ್‌ನಲ್ಲಿ ಮಾತ್ರ ಹೋಗುತ್ತದೆ, ಗಿಟಾರ್ ತೂತಿನಲ್ಲಿ ಇಲ್ಲ. ಹಾಗಾಗಿ ಎರಡನೆಯ ಮೈಕ್ ಮೂಕ. ಕರೆಂಟ್ ಬೇಡದ ಡೈನಾಮಿಕ್ ಮೈಕನ್ನೇ ಅಲ್ಲಿ ಹಾಕಿದರೂ ಪ್ರಯೋಜನ ಕಡಿಮೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಎತ್ತುವ ಪ್ರೀಆಂಪ್ ಆ ತೂತಿನ ಹಿಂದೆ ಇರುವುದಿಲ್ಲ. ಗೇನ್ (ಒಳಬರುವ ಸದ್ದನ್ನು ಎತ್ತುವ ತಿರುಪು) ತಿರುಗಿಸಿದಷ್ಟೂ ಬುಸ್ ಅನ್ನುವ ಸದ್ದು ಜಾಸ್ತಿ, ಅಷ್ಟೇ.

ಅಂಗಡಿಗೆ ಫೋನ್ ಮಾಡಿದೆ. ‘ಅಯ್ಯೋ, ಅದಕ್ಕೊಂದು ವೈ ಕೇಬಲ್ ಬರುತ್ತೆ, ಬಸ್ಸಿನಲ್ಲಿ ಕಳಿಸ್ತೀನಿ’ ಅಂದರು. ಕಳಿಸಿದರು, ಅದಕ್ಕೂ ದುಡ್ಡು ತೆಗೆದುಕೊಂಡರು.

ಈ ವೈ ಕೇಬಲ್ ವಿಷಯವನ್ನು ಸ್ವಲ್ಪ ಗಮನವಿಟ್ಟು ಓದಿ. ಎರಡು ಮೈಕಿನ ತಂತಿ ಸೇರಿಸಿ ಒಂದೇ ತೂತಿಗೆ ಹಾಕುವ ವಸ್ತು ಅದು. ಹಾಕಿದ ತಕ್ಷಣ ದೀಪ ಹತ್ತುತ್ತದೆ, ಎರಡು ಮೈಕಿನಲ್ಲೂ ದನಿ ಬರುತ್ತದೆ, ಪರದೆಯ ಮೇಲೆ ಅಲೆ ಓಡುತ್ತದೆ. ಎಲ್ಲ ಸರಿಯಾಯಿತು ಅನಿಸುತ್ತದೆ. ಆದರೆ ಕಂಪ್ಯೂಟರಿಗೆ ಹೋಗುತ್ತಿರುವುದು ಒಂದೇ ಚಾನೆಲ್. ಹಾಲಿಗೆ ನೀರು ಬೆರೆಸಿದ ಮೇಲೆ ಬೇರೆ ಮಾಡುವುದು ಹೇಗೆ? ಇದೂ ಹಾಗೆಯೇ. ಇನ್ನೊಂದು ತೊಂದರೆ, ಎರಡು ಮೈಕ್ ಒಂದಕ್ಕೊಂದು ಭಾರವಾಗಿ ಎರಡರ ದನಿಯೂ ಇಳಿಯುತ್ತದೆ. ಒಂದೊಂದಕ್ಕೂ ಬೇರೆ ಗೇನ್ ಇಡಲು ಆಗುವುದೇ ಇಲ್ಲ. ತಂಬೂರಿಯವರ ಮೆಲುದನಿಗೆ ಸಾಕಾಗುವಷ್ಟು ಗೇನ್ ಕೊಟ್ಟರೆ ತಾಳ ಬಿದ್ದಾಗಲೆಲ್ಲ ಮೀಟರ್ ಕೆಂಪಾಗುತ್ತದೆ. ಹಾಗೆ ಒಡೆದ ಸದ್ದು ಮತ್ತೆ ಸರಿಯಾಗುವುದಿಲ್ಲ.

ಆ ಕೇಬಲಿನಲ್ಲೇ ರೆಕಾರ್ಡ್ ಮಾಡಿ, ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಪ್ರತಿ ಸಾಲಿನ ಕೊನೆಯ ಮಾತಿನ ಮೇಲೇ ತಾಳ. ತತ್ವಪದದಲ್ಲಿ ಒಗಟು ಬಿಡುವುದೇ ಆ ಕೊನೆಯ ಮಾತಿನಲ್ಲಿ, ಅಲ್ವಾ? ಎಐನಲ್ಲಿ ಬೇರೆ ಮಾಡಬಹುದು ಅಂದರು ಕೆಲವರು. ಅದನ್ನೂ ಹಾಕಿ ನೋಡಿದೆ. ತಾಳ ಸ್ವಲ್ಪ ಇಳಿಯಿತು, ಜೊತೆಗೆ ಮಾತೂ ನೀರಾಯಿತು.

ಅಂಗಡಿಯವರ ಉತ್ತರ: ‘ಸೌಂಡ್ ಬರ್ತಾ ಇದೆಯಲ್ಲ ಸಾರ್, ಇನ್ನೇನು? ಡಬ್ಬಿ ಓಪನ್ ಆಗಿದೆ, ವಾಪಸ್ ಆಗಲ್ಲ.’

ಹಾಗಾದರೆ ಏನು ನೋಡಬೇಕು? ಒಂದೇ ಕಂಪನಿಯಲ್ಲೂ ಎರಡು ಥರ ಇರುತ್ತವೆ. ಉದಾಹರಣೆಗೆ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಮೈಕ್ ಜಾಗ ಒಂದು, 2ಐ2ನಲ್ಲಿ ಎರಡು. ಸೋಲೋ ಕೆಟ್ಟದ್ದೇನಲ್ಲ, ಒಬ್ಬರೇ ಹಾಡಿ ಗಿಟಾರ್ ನುಡಿಸುವವರಿಗೆ ಅದು ಸರಿಯಾಗಿದೆ. (ನನಗೆ ಗಂಟುಬಿದ್ದದ್ದು ಇವೆರಡೂ ಅಲ್ಲ.) ಎರಡು ಮೈಕ್ ಬೇಕಾದವರು ಎರಡು ಪ್ರೀಆಂಪ್, ಎರಡು ಗೇನ್ ತಿರುಪು ಇವೆಯಾ ಅಂತ ನೋಡಿ. ಅಗ್ಗದ ಯುಎಸ್‌ಬಿ ಮಿಕ್ಸರ್‌ಗಳಲ್ಲಿ ಇನ್ನೂ ಮೋಸ. ಮುಂದೆ ನಾಲ್ಕಾರು ತೂತು ಕಂಡರೂ ಎಷ್ಟೋ ಮಾಡೆಲ್‌ಗಳಲ್ಲಿ ಕಂಪ್ಯೂಟರಿಗೆ ಹೋಗುವುದು ಬೆರೆತ ಸ್ಟೀರಿಯೋ ಮಾತ್ರ.

ಅಂಗಡಿಗೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಇನ್‌ಪುಟ್ ಆಗಿ ಇಂಟರ್‌ಫೇಸನ್ನೇ ಆರಿಸಿ, ಎರಡು ಚಾನೆಲ್ (ಸ್ಟೀರಿಯೋ) ಅಂತ ಇಟ್ಟು ರೆಕಾರ್ಡ್ ಒತ್ತಿ. ಮೊದಲ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೇಲಿನ ಅಲೆ ಏಳಬೇಕು, ಕೆಳಗಿನದು ಹೆಚ್ಚುಕಮ್ಮಿ ಸುಮ್ಮನಿರಬೇಕು. ಎರಡನೆಯದನ್ನು ಕೆರೆದಾಗ ಉಲ್ಟಾ. ಎರಡೂ ಒಟ್ಟಿಗೆ ಒಂದೇ ಥರ ಎದ್ದರೆ ಟ್ರ್ಯಾಕ್ ಬೇರೆ ಬೇರೆ ಬರುತ್ತಿಲ್ಲ ಅಂತ ಅರ್ಥ. ಯಾವುದನ್ನು ಕೆರೆದರೂ ಏನೂ ಏಳದೆ, ನೀವು ಮಾತಾಡಿದಾಗ ಮಾತ್ರ ಅಲೆ ಬಂದರೆ ರೆಕಾರ್ಡ್ ಆಗುತ್ತಿರುವುದು ಲ್ಯಾಪ್‌ಟಾಪಿನ ಸ್ವಂತ ಮೈಕ್. ಸರಿಯಾಗಿ ಬಂದ ಮೇಲೆ ‘ಸ್ಪ್ಲಿಟ್ ಸ್ಟೀರಿಯೋ ಟು ಮೋನೋ’ ಕೊಟ್ಟರೆ ಎರಡು ಟ್ರ್ಯಾಕ್ ಕೈಗೆ ಸಿಗುತ್ತವೆ.

ವಿಂಡೋಸ್ ಸೆಟ್ಟಿಂಗ್‌ನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್, ನಾಯ್ಸ್ ಸಪ್ರೆಷನ್ ಥರದ್ದು ಏನಿದ್ದರೂ ಆಫ್ ಮಾಡಿ. ತಂಬೂರಿಯ ಒಂದೇ ಸಮನೆ ಬರುವ ನಾದವನ್ನು ಅದು ಫ್ಯಾನ್ ಸದ್ದು ಅಂದುಕೊಂಡು ನುಂಗಿಬಿಡಬಹುದು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರ್ ಹಾಕಿದರೆ ಗುಂಯ್ ಅನ್ನುವ ಹಮ್ ಬರಬಹುದು. ಬ್ಯಾಟರಿಯಲ್ಲೇ ಓಡಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ರೇಷ್ಮೆ ಸಾಕಿರುವ ಮನೆಯಲ್ಲಿ ಕಂಡೆನ್ಸರ್ ಮೈಕ್ ಇಡಬೇಡಿ. ಗೂಡು ಕಟ್ಟಲು ಹಣ್ಣಾಗುವ ಮುಂಚೆ ಹುಳ ಸೊಪ್ಪು ಮೇಯುವ ಚರಪರ ಸದ್ದು ಪಕ್ಕದ ಕೋಣೆಯಿಂದಲೂ ಸೇರಿಕೊಳ್ಳುತ್ತದೆ. ಅಲ್ಲಿಗೆ ಡೈನಾಮಿಕ್ ಮೈಕೇ ವಾಸಿ, ಬಾಯಿಯ ಹತ್ತಿರ ಹಿಡಿದರಾಯಿತು.

ಬಿಲ್ ವಿಷಯಕ್ಕೆ ಬಂದರೆ, ನನ್ನದರಲ್ಲಿ ಬರೀ ‘ಸೌಂಡ್ ಕಾರ್ಡ್ ಸೆಟ್’ ಅಂತಿದೆ. ನೀವು ಮಾಡೆಲ್ ಹೆಸರು, ‘2 ಮೈಕ್ ಇನ್‌ಪುಟ್’ ಎರಡನ್ನೂ ಬರೆಸಿಕೊಳ್ಳಿ. ಹೇಳಿದ್ದೊಂದು ಕೊಟ್ಟದ್ದೊಂದು ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ಬರೆದುಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಆ ಅಂಗಡಿ ಬೇಡ, ಇನ್ನೊಂದು ಕಡೆ ಹೋಗಿ.