ಒಂದೇ ರಾಗಿ ಡೇಟಾ, ನಾಲ್ಕು ಸಾಫ್ಟ್‌ವೇರ್: ಯಾವ್ದು ಏನು ಸರಿ ಮಾಡ್ಕೋಬೇಕು

ಟಿ ಟೆಸ್ಟ್, ಕೈ ಸ್ಕ್ವೇರ್ ಯಾವ ಸಾಫ್ಟ್‌ವೇರ್‌ನಲ್ಲಾದ್ರೂ ಬರುತ್ತೆ. ಸಾಫ್ಟ್‌ವೇರ್‌ನ ಅಸಲಿ ಬಣ್ಣ ಗೊತ್ತಾಗೋದು ಸ್ಪ್ಲಿಟ್ ಪ್ಲಾಟ್ ಡೇಟಾ ಕೊಟ್ಟಾಗ, ಅಂದ್ರೆ ಒಂದು ಉಪಚಾರವನ್ನ ದೊಡ್ಡ ಪಟ್ಟಿಗೆ (ಮೇನ್ ಪ್ಲಾಟ್), ಇನ್ನೊಂದನ್ನ ಅದರೊಳಗಿನ ಚಿಕ್ಕ ತಾಕುಗಳಿಗೆ (ಸಬ್ ಪ್ಲಾಟ್) ಕೊಟ್ಟ ಪ್ರಯೋಗದ ಡೇಟಾ. ಅಗ್ರಿ ಪಿಜಿ ಹುಡುಗ್ರು ಥೀಸಿಸ್ ಟೈಮಲ್ಲಿ "ಯಾವ್ದು ಒಳ್ಳೇದು ಸಾರ್" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ರಾಗಿ ಡೇಟಾ ತಗೊಂಡು ಆಪ್‌ಸ್ಟ್ಯಾಟ್, ಎಸ್‌ಪಿಎಸ್‌ಎಸ್, ಆರ್, ಜಮೋವಿ ನಾಲ್ಕರಲ್ಲೂ ಓಡಿಸಿದೆ. ಮೇನ್ ಪ್ಲಾಟಲ್ಲಿ 3 ಥರ ನೀರು, ಸಬ್ ಪ್ಲಾಟಲ್ಲಿ 4 ಮಟ್ಟದ ಸಾರಜನಕ, 3 ರೆಪ್ಲಿಕೇಷನ್ (ಇಡೀ ಪ್ರಯೋಗದ ಪುನರಾವರ್ತನೆ), ಒಟ್ಟು 36 ತಾಕು.

ಇಲ್ಲಿ ನೋಡಬೇಕಾದ್ದು ಒಂದೇ, ಎರಡು ಎರರ್ (ಉಪಚಾರದಿಂದಲ್ಲದೆ ತಾಕಿಂದ ತಾಕಿಗೆ ತಾನಾಗೇ ಆಗೋ ಏರುಪೇರು) ಬೇರೆ ಬೇರೆ ಬಂತಾ ಅನ್ನೋದು. ನೀರಿಗೆ ಎರರ್ ಎ, ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ) 4. ಸಾರಜನಕಕ್ಕೆ ಎರರ್ ಬಿ, ಡಿಎಫ್ 18. ಇದನ್ನೇ ಯಾರಾದ್ರೂ ಟೂ ಫ್ಯಾಕ್ಟರ್ ಆರ್‌ಬಿಡಿ (ನೀರು, ಸಾರಜನಕ ಎರಡನ್ನೂ ತಾಕಿಗೊಂದು ಥರ ಹಂಚೋ ಡಿಸೈನ್) ಅಂತ ಓಡಿಸಿದ್ರೆ ಎರಡೂ ಸೇರಿ 22 ಆಗುತ್ತೆ, 5% ಟಿ ಬೆಲೆ 2.776 ಇರಬೇಕಾದ ಕಡೆ 2.074 ಬಂದ್ಬಿಡುತ್ತೆ, ಸಿಡಿ (ಕ್ರಿಟಿಕಲ್ ಡಿಫರೆನ್ಸ್, ಎರಡು ಸರಾಸರಿ ನಿಜಕ್ಕೂ ಬೇರೆ ಅನ್ನೋಕೆ ಬೇಕಾದ ಕನಿಷ್ಠ ಅಂತರ) ಚಿಕ್ಕದಾಗುತ್ತೆ, ಮೇನ್ ಪ್ಲಾಟ್ ಎರರ್ ಸಾಮಾನ್ಯವಾಗಿ ದೊಡ್ಡದೇ ಇರೋದ್ರಿಂದ ಇನ್ನೂ ಚಿಕ್ಕದಾಗುತ್ತೆ, ನೀರಿನ ವ್ಯತ್ಯಾಸ ಇಲ್ದೇ ಇದ್ರೂ ಸಿಗ್ನಿಫಿಕೆಂಟ್ ಅಂತ ಕಾಣಬಹುದು. ಫೈಲ್ ನೋಡೋಕೆ ಎರಡಕ್ಕೂ ಒಂದೇ ಥರ ಇರುತ್ತೆ ಅಲ್ವಾ, ಯಾವ ಸಾಫ್ಟ್‌ವೇರೂ "ಏನಪ್ಪಾ, ನೀರನ್ನ ಇಡೀ ಪಟ್ಟಿಗೆ ಕೊಟ್ಟಿದ್ದಾ ಇಲ್ಲಾ ತಾಕಿಗೊಂದು ಥರ ಕೊಟ್ಟಿದ್ದಾ" ಅಂತ ಕೇಳಲ್ಲ.

ಆಪ್‌ಸ್ಟ್ಯಾಟ್ ಹಿಸಾರ್‌ನ ಹರಿಯಾಣ ಕೃಷಿ ವಿವಿಯದ್ದು, ನಮ್ಮ ಕಡೆ ಹುಡುಗ್ರು ಮೊದ್ಲು ಮುಟ್ಟೋದೇ ಇದನ್ನ. ಸ್ಪ್ಲಿಟ್ ಪ್ಲಾಟ್ ಅಂತ ನೇರವಾಗಿ ಆಯ್ಕೆ ಇದೆ, ಡೇಟಾ ಪೇಸ್ಟ್ ಮಾಡಿ, ಎಷ್ಟು ಲೆವೆಲ್ ಎಷ್ಟು ರೆಪ್ಲಿಕೇಷನ್ ಹೇಳಿದ್ರೆ ಮುಗೀತು, ಎರಡೂ ಎರರ್, ಸಿಡಿ, ಎಸ್‌ಇಎಂ (ಸರಾಸರಿಯ ಸ್ಟ್ಯಾಂಡರ್ಡ್ ಎರರ್) ಎಲ್ಲಾ ಥೀಸಿಸ್ ಟೇಬಲ್‌ಗೆ ಬೇಕಾದ ಹಾಗೇ ಸಿಗುತ್ತೆ. ಈ ಕೆಲಸದಲ್ಲಿ ಉಳಿದ ಮೂರೂ ಇದರ ಹತ್ರಕ್ಕೂ ಬರಲ್ಲ. ತೊಂದ್ರೆ ಏನಂದ್ರೆ ಡೇಟಾ ಯಾವ ಕ್ರಮದಲ್ಲಿ ಅಂಟಿಸಿದ್ರಿ ಅನ್ನೋದರ ಮೇಲೇ ಎಲ್ಲಾ ನಿಂತಿದೆ, ಒಂದು ಸಾಲು ಆಚೀಚೆ ಆದ್ರೂ ಅದಕ್ಕೆ ಗೊತ್ತಾಗಲ್ಲ, ನಂಬರ್ ಚೆನ್ನಾಗೇ ಬರುತ್ತೆ. ಡೇಟಾ ಹಾಕಿದ ತಕ್ಷಣ ಯಾವ ನಂಬರ್ ಯಾವ ತಾಕಿಗೆ ಹೋಯ್ತು ಅಂತ ಒಂದು ಟೇಬಲ್ ತೋರಿಸಿ ಓಕೆ ಕೇಳಬೇಕು, ಜೊತೆಗೆ ಒಂದು ರೆಸಿಡ್ಯುವಲ್ ಗ್ರಾಫ್ (ಲೆಕ್ಕಕ್ಕೂ ನಿಜವಾದ ನಂಬರ್‌ಗೂ ಇರೋ ವ್ಯತ್ಯಾಸದ ಚಿತ್ರ) ಕೊಟ್ರೆ ಇನ್ನೇನೂ ಬೇಡ.

ಎಸ್‌ಪಿಎಸ್‌ಎಸ್ 1968ರಿಂದ ಇದೆ, 2009ರಲ್ಲಿ ಐಬಿಎಂ ಕೈಗೆ ಹೋಯ್ತು, ಹುಟ್ಟಿದ್ದು ಸಮಾಜ ವಿಜ್ಞಾನಕ್ಕೆ ಅನ್ನೋದು ಈಗಲೂ ಕಾಣುತ್ತೆ. ಸರ್ವೇ ಡೇಟಾಗೆ ಆರಾಮ, ಹೊಲದ ಡೇಟಾಗೆ ಸುತ್ತಾಟ. ರೆಪ್ಲಿಕೇಷನ್‌ನ ರ‍್ಯಾಂಡಮ್ ಡಬ್ಬಿಗೆ ಹಾಕಿ, ಮಾಡೆಲ್ ಬಟನ್ ಒತ್ತಿ, ರೆಪ್ಲಿಕೇಷನ್ ಇಂಟು ನೀರು ಅನ್ನೋ ಟರ್ಮ್ ಕೈಯಲ್ಲೇ ಕಟ್ಟಬೇಕು. ಕಟ್ಟಿದ ಮೇಲೆ ಎಫ್ ಸರಿಯಾಗೇ ಬರುತ್ತೆ. ಆದ್ರೆ ನೀರಿಗೆ ಮೆನುವಿಂದ ಪೋಸ್ಟ್ ಹಾಕ್ (ಯಾವ ಮಟ್ಟ ಯಾವುದಕ್ಕಿಂತ ಬೇರೆ ಅನ್ನೋ ಹೋಲಿಕೆ) ಕೇಳಿದ್ರೆ ಅದು ಕೊನೇ ಎರರನ್ನೇ, ಅಂದ್ರೆ ಎರರ್ ಬಿಯನ್ನೇ ಹಿಡ್ಕೊಳ್ಳುತ್ತೆ, ಎರರ್ ಎ ಬೇಕು ಅಂದ್ರೆ ಸಿಂಟ್ಯಾಕ್ಸ್ ಬರೀಬೇಕು. ಅಂದ್ರೆ ಮೇಲಿನ ಟೇಬಲ್ ಒಂದು ಎರರ್ ಮೇಲೆ, ಕೆಳಗಿನ ಟೇಬಲ್ ಇನ್ನೊಂದರ ಮೇಲೆ, ಮೆನು ಬಳಸೋರಿಗೆ ಇದು ಗೊತ್ತಾಗೋದಾದ್ರೂ ಹೇಗೆ? ಇಷ್ಟು ದುಡ್ಡು ತಗೊಳ್ಳೋ ಸಾಫ್ಟ್‌ವೇರ್ ಪೋಸ್ಟ್ ಹಾಕ್ ಡಬ್ಬಿಯಲ್ಲಿ "ಯಾವ ಎರರ್" ಅಂತ ಒಂದು ಡ್ರಾಪ್‌ಡೌನ್ ಕೊಡಬಹುದಿತ್ತು. ಹಳೇ ವರ್ಷನ್ ತೀರಾ ಚಿಕ್ಕ ಪಿ ಬೆಲೆಯನ್ನ .000 ಅಂತ ತೋರಿಸ್ತಿದ್ದದ್ದರ ಬಗ್ಗೆ ಹೇಳೋದೇ ಬೇಡ, ಪಿ ಪೂರ್ತಿ ಸೊನ್ನೆ ಆಗಲ್ಲ, ಆದ್ರೂ ಪಿ ಈಸ್ ಈಕ್ವಲ್ ಟು 0.000 ಅಂತ ಬರೆದಿರೋ ಥೀಸಿಸ್ ಪ್ರತಿ ಲೈಬ್ರರಿಯಲ್ಲೂ ಸಿಗುತ್ತೆ.

ಆರ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದ್ಲೇ ಹೇಳ್ಬಿಡ್ತೀನಿ. ಪುಕ್ಕಟೆ, ಒಂದು ಸಲ ಸ್ಕ್ರಿಪ್ಟ್ ಬರೆದಿಟ್ರೆ ಮುಂದಿನ ವರ್ಷದ ಹುಡುಗರಿಗೂ ಅದೇ ನಡೆಯುತ್ತೆ. ಅಗ್ರಿಕೋಲೆ ಪ್ಯಾಕೇಜಲ್ಲಿ ಸ್ಪ್ಲಿಟ್ ಪ್ಲಾಟ್‌ಗೇ ಫಂಕ್ಷನ್ ಇದೆ, ಎರಡೂ ಎರರ್, ಅವುಗಳ ಡಿಎಫ್ ಬೇರೆ ಬೇರೆ ಕೊಡುತ್ತೆ, ಅದನ್ನ ಎತ್ತಿ ಸಿಡಿ ಲೆಕ್ಕ ಹಾಕೋ ಎಲ್‌ಎಸ್‌ಡಿ ಟೆಸ್ಟ್‌ಗೆ ಹಾಕ್ಬಹುದು. 2022ರ 4.2 ವರ್ಷನ್‌ನಿಂದ ಹೊಸ ವಿಂಡೋಸ್‌ನಲ್ಲೂ ಯೂನಿಕೋಡ್ ಸರಿಯಾಗಿದೆ, ಕಾಲಂ ಹೆಸರು "ಇಳುವರಿ" ಅಂತಲೇ ಇಡಿ ಬೇಕಾದ್ರೆ.

ಆರ್‌ನ ಕೆಟ್ಟ ಗುಣ ಮೌನ. ಸಾರಜನಕದ ಕಾಲಂನಲ್ಲಿ 0, 25, 50, 75 ಅಂತ ಇರುತ್ತಲ್ಲ, ಮಾಮೂಲಿ ಅನೋವಾ (ಸರಾಸರಿಗಳ ವ್ಯತ್ಯಾಸ ನೋಡೋ ವಿಶ್ಲೇಷಣೆ) ಫಂಕ್ಷನ್‌ಗೆ ಹಾಗೇ ಕೊಟ್ರೆ ಅದನ್ನ ಅಳತೆ ಅಂದ್ಕೊಂಡು ನೇರ ಗೆರೆ ಹೊಂದಿಸುತ್ತೆ, ಡಿಎಫ್ 3 ಇರಬೇಕಾದ ಕಡೆ 1. ಎರರ್ ಮೆಸೇಜೂ ಇಲ್ಲ, ವಾರ್ನಿಂಗೂ ಇಲ್ಲ, ಅದನ್ನ ಫ್ಯಾಕ್ಟರ್ (ಬರೀ ಗುಂಪಿನ ಹೆಸರು) ಮಾಡೋದು ನಿಮ್ಮ ಜವಾಬ್ದಾರಿ. ಎಸ್‌ಪಿಎಸ್‌ಎಸ್‌ನಲ್ಲಿ, ಜಮೋವಿಯಲ್ಲಿ ಫ್ಯಾಕ್ಟರ್ ಡಬ್ಬಿಗೆ ಎಳೆದು ಹಾಕೋದ್ರಿಂದಲೇ ಈ ಗೋಳಿಲ್ಲ. ಬರೀ ನಾಲ್ಕೈದು ಬೆಲೆ ಇರೋ ನಂಬರ್ ಕಾಲಂ ಅನೋವಾಗೆ ಬಂದ್ರೆ "ಇದನ್ನ ನಂಬರಾಗೇ ತಗೊಂಡಿದೀನಿ" ಅಂತ ಒಂದು ಸಾಲು ಪ್ರಿಂಟ್ ಮಾಡಿದ್ರೆ ಸಾಕು.

ಇನ್ನು ಒಂದು ತಾಕು ದನ ಮೇಯ್ದು ಹೋಯ್ತು ಅಂದ್ಕೊಳ್ಳಿ, ಆಗ ಅಸಲಿ ಆಟ ಶುರು. ಅನೋವಾ ಲೆಕ್ಕ ಹಾಕೋಕೆ ಬೇರೆ ಬೇರೆ ದಾರಿ ಇವೆ, 36ಕ್ಕೆ 36 ಇದ್ದಾಗ ಟೈಪ್ ಒನ್ ಆಗ್ಲಿ ಟೈಪ್ ತ್ರೀ ಆಗ್ಲಿ ಉತ್ತರ ಒಂದೇ, ಹಾಗಾಗಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಒಂದು ಖಾಲಿ ಬಿಟ್ಟು ಓಡಿಸಿ ನೋಡಿ, ಆರ್ ಡೀಫಾಲ್ಟಾಗಿ ಟೈಪ್ ಒನ್, ಅಂದ್ರೆ ಫಾರ್ಮುಲಾದಲ್ಲಿ ಯಾವ ಟರ್ಮ್ ಮೊದ್ಲು ಬರೆದ್ರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ, ಎಸ್‌ಪಿಎಸ್‌ಎಸ್ ಟೈಪ್ ತ್ರೀ, ಅದಕ್ಕೆ ಕ್ರಮ ಲೆಕ್ಕಕ್ಕಿಲ್ಲ. ಗೈಡ್ ಒಂದರಲ್ಲಿ ಹುಡುಗ ಇನ್ನೊಂದರಲ್ಲಿ ಮಾಡಿ ಜಗಳ ಆಡೋದು ಇದಕ್ಕೇ. ಎಸ್‌ಪಿಎಸ್‌ಎಸ್ ಆದ್ರೂ ಟೇಬಲ್ ತಲೆ ಮೇಲೆ ಟೈಪ್ ತ್ರೀ ಅಂತ ಬರೆದಿರುತ್ತೆ, ಆರ್‌ನ ಮಾಮೂಲಿ ಅನೋವಾ ಟೇಬಲ್‌ನಲ್ಲಿ ಅದೂ ಇಲ್ಲ. ಖಾಲಿ ತಾಕು ಇದ್ರೆ ನಾನಂತೂ ಆರ್‌ನಲ್ಲೇ ಮಿಕ್ಸೆಡ್ ಮಾಡೆಲ್‌ಗೆ (ಪಟ್ಟಿ, ರೆಪ್ಲಿಕೇಷನ್‌ಗಳ ಏರುಪೇರನ್ನೂ ಮಾಡೆಲ್ ಒಳಗೇ ಸೇರಿಸೋ ವಿಧಾನ) ಹೋಗ್ತೀನಿ. ಖಾಲಿ ಕಡೆ 0 ಮಾತ್ರ ಹಾಕ್ಬೇಡಿ ದಯವಿಟ್ಟು.

ಜಮೋವಿ ನೋಡೋಕೆ ಎಲ್ಲಕ್ಕಿಂತ ಚಂದ. ಜಾಸ್ಪ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಮೇಲೆ ಕೆಲಸ ಮಾಡ್ತಿದ್ದೋರೇ ಹೊರಗೆ ಬಂದು 2017ರಲ್ಲಿ ಶುರು ಮಾಡಿದ್ದು, ಒಳಗೆ ಓಡೋದು ಆರ್, ಡೇಟಾದಲ್ಲಿ ಒಂದು ನಂಬರ್ ತಿದ್ದಿದ್ರೆ ಪಕ್ಕದ ಟೇಬಲ್ ತಾನೇ ಬದಲಾಗುತ್ತೆ, ಸಿಂಟ್ಯಾಕ್ಸ್ ಮೋಡ್ ಆನ್ ಮಾಡಿದ್ರೆ ಆರ್ ಕೋಡೂ ತೋರಿಸುತ್ತೆ. ಪಾಠ ಮಾಡೋಕೆ, ರೈತರ ಸರ್ವೇ ಡೇಟಾಗೆ ನಾನು ಇದನ್ನೇ ಹೇಳೋದು. ಆದ್ರೆ ಅದರ ಮಾಮೂಲಿ ಅನೋವಾ ಮೆನುವಲ್ಲಿ ಸ್ಪ್ಲಿಟ್ ಪ್ಲಾಟ್ ಇಲ್ಲ, ಗ್ಯಾಮ್ಎಲ್‌ಜೆ ಮಾಡ್ಯೂಲ್ ಹಾಕ್ಕೊಂಡು ಮಿಕ್ಸೆಡ್ ಮಾಡೆಲ್‌ನಲ್ಲಿ ರ‍್ಯಾಂಡಮ್ ಟರ್ಮ್ ಕೊಟ್ಟು ಮಾಡಬೇಕು, ಅಷ್ಟು ಗೊತ್ತಿರೋ ಹುಡುಗ ನೇರವಾಗಿ ಆರ್‌ಗೇ ಹೋಗ್ತಾನೆ ಬಿಡಿ. ಆರ್‌ಬಿಡಿ, ಸ್ಪ್ಲಿಟ್, ಸ್ಟ್ರಿಪ್ ಅಂತ ಹೊಲದ ಡಿಸೈನ್‌ಗಳಿಗೇ ಒಂದು ಮಾಡ್ಯೂಲ್ ಬೇಕು, ಆಪ್‌ಸ್ಟ್ಯಾಟ್ ಥರ ಪ್ರಶ್ನೆ ಕೇಳಿ, ಸಿಡಿ ಪಕ್ಕದಲ್ಲೇ "ಎರರ್ ಎ, ಡಿಎಫ್ 4" ಅಂತ ಬರೆದು ಕೊಡೋದು. ಜಮೋವಿ ಮಾಡ್ಯೂಲ್ ಬರೆಯೋದು ಆರ್‌ನಲ್ಲೇ, ನಮ್ಮ ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಪಿಎಚ್‌ಡಿ ಹುಡುಗರಿಗೆ ಆಗದ ಕೆಲಸ ಏನಲ್ಲ. ಯಾರಾದ್ರೂ ಕೈ ಹಾಕೋದಾದ್ರೆ ಹೇಳಿ, ಟೆಸ್ಟ್ ಮಾಡೋಕೆ ಡೇಟಾ ನಾನು ಕೊಡ್ತೀನಿ, ಒಂದು ತಾಕು ಖಾಲಿ ಇರೋದನ್ನೂ ಸೇರಿಸಿ.